ಆಟಕ್ಕುಂಟು, ಲೆಕ್ಕಕ್ಕಿಲ್ಲ: ಮದರಾಸಿನ ಬೀದಿಯಲ್ಲಿ ನಡೆಯುವವರ ಚರಿತ್ರೆ

ಮಂಗಳೂರಿನ ‘ಕಾರ್ ಸ್ಟ್ರೀಟ್’ ಎಂಬ ಹೆಸರು ಕೇಳಿ ಅಲ್ಲಿ ಕಾರು ಮಾರುತ್ತಾರೇನೋ ಎಂದುಕೊಳ್ಳುವ ಹೊರಗಿನವರಿದ್ದಾರೆ. ಅದು ರಥಬೀದಿ, ವೆಂಕಟರಮಣ ದೇವಸ್ಥಾನದ ತೇರು ಎಳೆಯುವ ಬೀದಿ. ಇಂಗ್ಲಿಷಿನಲ್ಲಿ ತೇರಿಗೆ ‘ಕಾರ್’ ಎಂದರು, ಹೆಸರು ಹಾಗೇ ನಿಂತಿತು. ಉಡುಪಿಯ ಕೃಷ್ಣಮಠದ ಸುತ್ತ ಇರುವುದೂ ರಥಬೀದಿಯೇ. ನಾನು ಇಪ್ಪತ್ತು ವರ್ಷದಿಂದ ನೆಲೆಸಿರುವ ಚೆನ್ನೈಯಲ್ಲಿ, ಮೈಲಾಪುರದ ಕಪಾಲೀಶ್ವರ ದೇವಸ್ಥಾನದ ನಾಲ್ಕೂ ಬದಿಯ ಬೀದಿಗಳಿಗೆ ಮಾಡ ಬೀದಿಗಳು ಎನ್ನುತ್ತಾರೆ. ವರ್ಷಕ್ಕೊಮ್ಮೆ ಪಂಗುನಿ ಉತ್ಸವದಲ್ಲಿ ಅಲ್ಲಿ ತೇರು ಹೊರಡುತ್ತದೆ. ಬೀದಿಯ ಅಗಲ ತೇರಿನದು. ತೇರಿಲ್ಲದ ದಿನಗಳಲ್ಲಿ ಆ ಅಗಲವೆಲ್ಲ ಜನರದ್ದು, ಹೂ ಕಟ್ಟುವವರದ್ದು, ತರಕಾರಿ ಮಾರುವವರದ್ದು. ಅಥವಾ ಹಾಗಿತ್ತು ಎನ್ನಬೇಕು.

ನಮ್ಮ ಭಾಷೆಯಲ್ಲಿ ಬೀದಿ ಬೇರೆ, ರಸ್ತೆ ಬೇರೆ. ಬೀದಿಯಲ್ಲಿ ನಾಟಕ ಆಡುತ್ತೇವೆ, ಮೆರವಣಿಗೆ ಹೊರಡಿಸುತ್ತೇವೆ, ಮಕ್ಕಳು ಕುಂಟೆಬಿಲ್ಲೆ ಆಡುತ್ತವೆ. ರಸ್ತೆ ಇರುವುದು ಹೋಗುವುದಕ್ಕೆ. ಮದರಾಸಿನ ಬೀದಿಗಳು ನೂರು ವರ್ಷಗಳಲ್ಲಿ ಹೇಗೆ ರಸ್ತೆಗಳಾದವು, ಈಚೆಗೆ ಅವುಗಳಲ್ಲಿ ಕೆಲವನ್ನು ಮತ್ತೆ ಬೀದಿ ಮಾಡಲು ಹೊರಟಾಗ ಏನೇನಾಯಿತು ಎಂಬುದು ಈ ಬರಹದ ವಿಷಯ. ಬೆಂಗಳೂರು, ಮೈಸೂರಿನ ಓದುಗರಿಗೆ ಇದರಲ್ಲಿ ತಮ್ಮ ಊರೂ ಕಂಡೀತು.

ಚರಿತ್ರೆಯನ್ನು ಮರೀನಾದಿಂದ ಆರಂಭಿಸುವುದು ಅನುಕೂಲ. ಆ ಕಡಲತೀರದ ನಡಿಗೆ ದಾರಿಯನ್ನು 1884ರ ಸುಮಾರಿಗೆ ಮಾಡಿಸಿದವನು 1881ರಿಂದ 1886ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಗ್ರಾಂಟ್ ಡಫ್. ಸಿಸಿಲಿಯಲ್ಲಿ ಕಂಡ ಕಡಲತೀರದ ನೆನಪಿಗೆ ‘ಮರೀನಾ’ ಎಂಬ ಹೆಸರನ್ನೂ ಅವನೇ ಇಟ್ಟ. ಈ ಊರಿನಲ್ಲಿ ನಡೆಯುವವರಿಗಾಗಿಯೇ ಸರ್ಕಾರ ದುಡ್ಡು ಹಾಕಿ ಕಟ್ಟಿದ ಹಳೆಯ ಜಾಗಗಳಲ್ಲಿ ಅದೊಂದು. ಆದರೆ ಅದು ಸಂಜೆಯ ಗಾಳಿ ಸೇವನೆಗೆ ಮಾಡಿದ ದಾರಿ. ಕೆಲಸಕ್ಕೆ ನಡೆದು ಹೋಗುವವರ ಜಾರ್ಜ್ ಟೌನ್ ಗಲ್ಲಿಗಳಿಗೆ ಆ ಭಾಗ್ಯ ಬರಲಿಲ್ಲ. ನಡಿಗೆ ಎಂದರೆ ವಿಹಾರ, ಅದಕ್ಕೆ ಪಾರ್ಕೋ ಬೀಚೋ ಇದ್ದರೆ ಸಾಕು ಎಂಬ ಭಾವನೆ ನಮ್ಮ ನಗರಗಳಲ್ಲಿ ಇನ್ನೂ ಹೋಗಿಲ್ಲ. ಇಂದಿಗೂ ‘ವಾಕಿಂಗ್’ ಎಂದರೆ ಬೆಳಿಗ್ಗೆ ಶೂ ಹಾಕಿಕೊಂಡು ಹೋಗುವುದು. ಬಸ್ ಸ್ಟಾಪಿಗೆ ಹೋಗುವುದಕ್ಕೆ ಆ ಹೆಸರಿಲ್ಲ.

1914ರಲ್ಲಿ ಸ್ಕಾಟ್ಲೆಂಡಿನ ನಗರ ಚಿಂತಕ ಪ್ಯಾಟ್ರಿಕ್ ಗೆಡ್ಡೆಸ್ ಮದರಾಸಿಗೆ ಹೊರಟ. ಜಗತ್ತಿನ ನಗರಗಳ ನಕ್ಷೆ, ಚಿತ್ರಗಳ ಅವನ ಪ್ರದರ್ಶನ ಬೇರೆ ಹಡಗಿನಲ್ಲಿ ಬರುತ್ತಿತ್ತು. ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಮೇಲೆ ಗುಂಡು ಹಾರಿಸಿದ ಜರ್ಮನ್ ಯುದ್ಧನೌಕೆ ಎಂಡೆನ್ ಮುಂದಿನ ತಿಂಗಳು ಆ ಹಡಗನ್ನೂ ಮುಳುಗಿಸಿತು. ಗೆಳೆಯರು ಹೊಸದಾಗಿ ಒಟ್ಟುಮಾಡಿ ಕಳಿಸಿದ ಸಾಮಗ್ರಿಯಿಂದ 1915ರ ಆರಂಭದಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆಯಿತು. ನಕ್ಷೆ ಬರೆಯುವ ಮೊದಲು ಆ ಊರಿನ ಬೀದಿಗಳಲ್ಲಿ ನಡೆದಾಡಬೇಕು, ಎಲ್ಲಿ ಬಾವಿ, ಎಲ್ಲಿ ಮರ, ಜನ ಎಲ್ಲಿ ಕೂರುತ್ತಾರೆ ಎಂದು ನೋಡಬೇಕು ಎಂಬುದು ಗೆಡ್ಡೆಸ್‌ನ ಪಾಠ. ತಂಜಾವೂರಿನ ಹಳೆಯ ಕೋಟೆ ಪ್ರದೇಶದಲ್ಲಿ ಮನೆಗಳನ್ನು ಕೆಡವಿ ನೇರ ರಸ್ತೆ ಹೊಡೆಯುವ ಯೋಜನೆಯನ್ನು ಅವನು ವಿರೋಧಿಸಿದ. ಅಗತ್ಯವಿದ್ದಲ್ಲಿ ಮಾತ್ರ ಸಣ್ಣ ಕತ್ತರಿ ಹಾಕಿದರೆ ಖರ್ಚೂ ಕಡಿಮೆ, ಮನೆ ಕಳೆದುಕೊಳ್ಳುವವರೂ ಕಡಿಮೆ ಎಂದ.

1920ರಲ್ಲಿ ಮದರಾಸಿಗೆ ನಗರ ಯೋಜನಾ ಕಾಯ್ದೆ ಬಂತು. ಅದರ ಬೆನ್ನಿಗೆ ಮೈಲಾಪುರದಿಂದ ನುಂಗಂಬಾಕ್ಕಂ ಕಡೆಗೆ ಚಾಚಿಕೊಂಡಿದ್ದ ಲಾಂಗ್ ಟ್ಯಾಂಕ್ ಎಂಬ ಕೆರೆಯ ನೀರು ಖಾಲಿ ಮಾಡಿ ಬಡಾವಣೆ ಎಬ್ಬಿಸಿದರು. ಅದೇ ತ್ಯಾಗರಾಯನಗರ, ಇಂದಿನ ಟಿ. ನಗರ. ಜಸ್ಟಿಸ್ ಪಕ್ಷದ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಹೆಸರು ಊರಿಗೆ, ಪಾನಗಲ್ ರಾಜರ ಹೆಸರು ನಡುವಿನ ಪಾರ್ಕಿಗೆ. ಪಾರ್ಕಿನಿಂದ ಹೊರಟ ಅಗಲ ಬೀದಿಗಳು, ಎರಡೂ ಬದಿ ಮರ, ಹಿಂದೆ ಮನೆಗಳು. ಒಂದು ಬಡಾವಣೆಯ ಒಳಗೆ ಜನ ನಡೆದೇ ಓಡಾಡುತ್ತಾರೆ ಎಂದು ನಂಬಿ ಹಾಕಿದ ನಕ್ಷೆ ಅದು. ದೂರ ಹೋಗುವವರಿಗೆ ಊರಲ್ಲಿ 1895ರಿಂದ ವಿದ್ಯುತ್ ಟ್ರಾಮ್ ಇತ್ತು, ದೇಶದಲ್ಲೇ ಮೊದಲನೆಯದು. ಅದು 1953ರವರೆಗೆ ಓಡಿತು.

ಟ್ರಾಮ್ ನಿಲ್ಲುವ ಹೊತ್ತಿಗೆ ಸೈಕಲ್ ಬಂದಿತ್ತು. ಮುರುಗಪ್ಪ ಮನೆತನ ಮತ್ತು ಬ್ರಿಟನ್ನಿನ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಸೇರಿ 1949ರಲ್ಲಿ ಟಿಐ ಸೈಕಲ್ಸ್ ಕಂಪನಿ ಹುಟ್ಟುಹಾಕಿದವು, ಕಾರ್ಖಾನೆ ಅಂಬತ್ತೂರಿನಲ್ಲಿ. ನಮ್ಮೂರುಗಳ ಹರ್ಕ್ಯುಲಿಸ್, ಬಿಎಸ್‌ಎ ಸೈಕಲ್ಲುಗಳ ತವರು ಅದೇ. ತರೀಕೆರೆಯಲ್ಲಿ ನಮ್ಮಪ್ಪನ ಬಳಿ ಇದ್ದದ್ದು ಹರ್ಕ್ಯುಲಿಸ್. ಪುರಸಭೆಗೆ ವರ್ಷವರ್ಷ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಿಕೊಳ್ಳಬೇಕಿತ್ತು, ರಾತ್ರಿ ದೀಪವಿಲ್ಲದಿದ್ದರೆ ದಂಡ, ಡಬಲ್ ರೈಡಿಂಗ್ ಹೋದರೆ ಪೊಲೀಸಿನವರು ಗಾಳಿ ಬಿಡುತ್ತಿದ್ದರು ಎಂದು ಅಪ್ಪ ನಗುತ್ತಾ ಹೇಳುವುದುಂಟು. ಕಿರಿಕಿರಿಯೇ ಸರಿ, ಆದರೆ ಆಗ ಸೈಕಲ್ ಸರ್ಕಾರದ ಲೆಕ್ಕದಲ್ಲಿತ್ತು. ಮದರಾಸಿನಲ್ಲಿ 1970ರಲ್ಲಿ ಸಂಚಾರ ಸಮೀಕ್ಷೆ ನಡೆದಾಗ ಜನರ ಓಡಾಟದಲ್ಲಿ ಸುಮಾರು ಐದನೇ ಒಂದು ಭಾಗ ಸೈಕಲ್ಲಿನದು, ಹೆಚ್ಚುಕಡಿಮೆ ಅಷ್ಟೇ ಭಾಗ ನಡಿಗೆಯದು. ಉಳಿದ ಬಹುಪಾಲು ಬಸ್ಸು, ರೈಲಿನದು. ಕಾರು ಲೆಕ್ಕಕ್ಕೆ ಸಿಗುವಷ್ಟೂ ಇರಲಿಲ್ಲ.

ಆದರೂ ಊರಿನ ಕನಸಿನಲ್ಲಿ ಕಾರು ಆಗಲೇ ಬಂದು ಕೂತಿತ್ತು. ಈ ಕಥೆಯಲ್ಲಿ ನಮ್ಮವರೊಬ್ಬರ ಪಾತ್ರವೂ ಇದೆ. ದಕ್ಷಿಣ ಕನ್ನಡದ ಕಡಂದಲೆಯಿಂದ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲ್ ಆರಂಭಿಸಿದರು. 1962ರಲ್ಲಿ ಕ್ಯಾಥೆಡ್ರಲ್ ರಸ್ತೆಯ ತೋಟದಲ್ಲಿ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ ತೆರೆದರು. ಕಾರಿನಲ್ಲಿ ಕೂತವರ ಬಳಿಗೇ ತಿಂಡಿ ಬರುತ್ತಿತ್ತು. ಅಮೆರಿಕದಲ್ಲಿ ಹುಟ್ಟಿದ ಈ ಪದ್ಧತಿ ಮಸಾಲೆದೋಸೆಗೂ ಫಿಲ್ಟರ್ ಕಾಫಿಗೂ ಹೊಂದಿಕೊಂಡಿತು. ಆದರೆ ಒಳಗೆ ಮೇಜು ಕುರ್ಚಿಯ ಹಾಲೂ ಇತ್ತು, ಮತ್ತು ಆ ಜಾಗಕ್ಕೆ ಹೆಸರು ತಂದವರಲ್ಲಿ ಕಾರಿಲ್ಲದವರೇ ಬಹಳ. ವಿದ್ಯಾರ್ಥಿಗಳು, ಸೇಲ್ಸ್‌ಮನ್‌ಗಳು, ಬರಹಗಾರರು ಒಂದು ಕಾಫಿಗೆ ಗಂಟೆಗಟ್ಟಲೆ ಕೂತು ಹರಟುತ್ತಿದ್ದರು. ನಾನು ಚೆನ್ನೈಗೆ ಬಂದ ಹೊಸತರಲ್ಲಿ, ಕನ್ನಡ ಕೇಳುವ ಆಸೆಗೆ ಬಸ್ಸಿಳಿದು ಹೋಗಿ ಕೂರುತ್ತಿದ್ದವರಲ್ಲಿ ನಾನೂ ಒಬ್ಬ. 2008ರಲ್ಲಿ ಅದು ಮುಚ್ಚಿತು. 2010ರಲ್ಲಿ ಅದೇ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ತೆರೆಯಿತು. ಕಾರಿಗೆಂದು ಮಾಡಿದ ಜಾಗ ಈಗ ಪೂರ್ತಿ ಕಾಲಿನದು.

ಡ್ರೈವ್-ಇನ್ ಇದ್ದಲ್ಲಿಗೆ ಹತ್ತಿರದಲ್ಲೇ ಜೆಮಿನಿ ಸ್ಟುಡಿಯೋ ಬಳಿ 1973ರ ಜುಲೈ 1ರಂದು ಊರಿನ ಮೊದಲ ಫ್ಲೈಓವರ್ ತೆರೆಯಿತು. ಅಧಿಕೃತ ಹೆಸರು ಅಣ್ಣಾ ಮೇಲ್ಸೇತುವೆ, ಜನರ ಬಾಯಲ್ಲಿ ಜೆಮಿನಿ. ಬಸ್ಸು, ಸೈಕಲ್ಲು, ಕಾಲ್ನಡಿಗೆಯ ಊರು ತನ್ನ ಮೊದಲ ದೊಡ್ಡ ಸೇತುವೆಯನ್ನು ಕಟ್ಟಿದ್ದು ಇನ್ನೂ ಬರಬೇಕಿದ್ದ ಮೋಟಾರು ವಾಹನಗಳ ಹೆಸರಿನಲ್ಲಿ. ಅವು ಬಂದವು. ತೊಂಬತ್ತರ ದಶಕದ ಕೊನೆಗೆ ಸಾಲುಸಾಲಾಗಿ ಫ್ಲೈಓವರುಗಳೂ ಬಂದವು.

ಇದು ಯಾರದೋ ದುರುದ್ದೇಶದಿಂದ ಆದದ್ದಲ್ಲ. ಲೆಕ್ಕದ ಪದ್ಧತಿಯಿಂದ ಆದದ್ದು. ನಾನು ಎಂ.ಟೆಕ್ ಮಾಡಿದ್ದು ಸಿವಿಲ್‌ನಲ್ಲಿ, ಅನ್ನ ಕೊಡುತ್ತಿರುವುದು ಸಾಫ್ಟ್‌ವೇರ್. ಆದರೂ ತರಗತಿಯ ಒಂದು ಕೋಷ್ಟಕ ಮರೆತಿಲ್ಲ. ರಸ್ತೆಯಲ್ಲಿ ಎಷ್ಟು ವಾಹನ ಹೋಗುತ್ತವೆ ಎಂದು ಎಣಿಸಲು ‘ಪ್ಯಾಸೆಂಜರ್ ಕಾರ್ ಯೂನಿಟ್’ ಎಂಬ ಅಳತೆಗೋಲು ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ನಗರದ ರಸ್ತೆಗಳಿಗಾಗಿ ಹೊರತಂದ ಐಆರ್‌ಸಿ 106 ಕೈಪಿಡಿಯ ಪ್ರಕಾರ ಕಾರು ಅಂದರೆ 1. ಸೈಕಲ್ 0.4 ಅಥವಾ 0.5. ಬಸ್ಸು 2.2ರಿಂದ 3.7. ಐವತ್ತು ಜನ ತುಂಬಿದ ಬಸ್ಸು ನಾಲ್ಕು ಕಾರಿಗೂ ಸಮವಲ್ಲ. ಅದೇ ಐವತ್ತು ಜನ ಇಬ್ಬಿಬ್ಬರಂತೆ ಕಾರಿನಲ್ಲಿ ಹೊರಟರೆ 25. ರಸ್ತೆ ಅಗಲ ಮಾಡಬೇಕು ಎಂದು ಹೇಳುವ ಶಕ್ತಿ ಯಾರಿಗೆ ಹೆಚ್ಚು ಎಂಬುದು ಈ ಅಂಕೆಯಲ್ಲೇ ಗೊತ್ತಾಗುತ್ತದೆ. ಇನ್ನು ನಡೆಯುವವರು? ಆ ಕೋಷ್ಟಕದಲ್ಲಿ ಅವರಿಗೆ ಸಾಲೇ ಇಲ್ಲ.

ಪಾದಚಾರಿಗಳಿಗೆಂದು ಬೇರೆಯೇ ಕೈಪಿಡಿ ಇದೆ: ಐಆರ್‌ಸಿ 103, 1988ರದು, 2012ರಲ್ಲಿ ಪರಿಷ್ಕೃತ. ಅಡ್ಡಿಯಿಲ್ಲದ 1.8 ಮೀಟರ್ ಜಾಗವಾದರೂ ಬೇಕು ಎಂದು ಅದು ಹೇಳುತ್ತದೆ. ಆದರೆ ಕೆಲಸ ನಡೆಯುವ ಕ್ರಮದಲ್ಲಿ ಮೊದಲು ತೆರೆಯುವುದು ವಾಹನದ ಪುಸ್ತಕ. ಟಾರಿನ ಅಗಲ ನಿಗದಿಯಾದ ಮೇಲೆ ಮಿಕ್ಕ ಜಾಗದಲ್ಲಿ ಚರಂಡಿ, ಅದರ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಟ್ರಾನ್ಸ್‌ಫಾರ್ಮರ್, ಕೇಬಲ್ ಪೆಟ್ಟಿಗೆ, ಯಾರದೋ ಜನರೇಟರ್. ಇಷ್ಟೆಲ್ಲ ಆದ ಮೇಲೆ ಉಳಿದದ್ದು ಫುಟ್‌ಪಾತ್. ಪ್ರಾಜೆಕ್ಟ್ ಮ್ಯಾನೇಜರ್ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು: ಮೊದಲ ದಿನದ ಅಗತ್ಯಗಳ ಪಟ್ಟಿಯಲ್ಲಿ ಇಲ್ಲದ್ದು ಕೊನೆಯ ದಿನ ‘ಸಮಯವಿದ್ದರೆ ನೋಡೋಣ’ ಆಗುತ್ತದೆ.

ಹಾಗೆ ನೋಡೋಣ ಎಂದದ್ದರ ಫಲ ನಮ್ಮ ಮನೆಯಲ್ಲೂ ಆಯಿತು. 2011ರಲ್ಲಿ ಅಪ್ಪ ನಮ್ಮ ಜೊತೆ ಇರಲು ಬಂದರು. ಮೂವತ್ತು ವರ್ಷ ಸೈಕಲ್ಲಿನಲ್ಲೇ ಶಾಲೆಗೆ ಹೋಗಿ ಬಂದ ಮೇಷ್ಟ್ರು. ನಾವಿದ್ದದ್ದು ಆರು ಲೇನಿನ ರಸ್ತೆಯೊಂದರ ಪಕ್ಕ. ದೇವಸ್ಥಾನ ಎದುರು ಬದಿಯಲ್ಲಿ, ನಮ್ಮ ಬಾಲ್ಕನಿಗೆ ಗೋಪುರ ಕಾಣುತ್ತಿತ್ತು. ದಾಟುವ ಜಾಗಕ್ಕೆ ಬಲು ದೂರ ನಡೆಯಬೇಕು, ಆ ದೂರಕ್ಕೆ ಫುಟ್‌ಪಾತ್ ಇಲ್ಲ. ಆಟೋ ಹಿಡಿದರೆ ಅದು ಮುಂದೆ ಹೋಗಿ ಯೂ-ಟರ್ನ್ ಮಾಡಿಕೊಂಡು ಬರಬೇಕು. “ಎದುರಿಗೆ ಕಾಣೋ ದೇವಸ್ಥಾನಕ್ಕೆ ಆಟೋ ಮಾಡ್ಕೊಂಡು ಹೋಗ್ಬೇಕೇನಪ್ಪ?” ಎಂದರು. ಮೂರನೇ ವಾರ ಹೊರಗೆ ಹೋಗುವುದನ್ನೇ ಬಿಟ್ಟರು. ಎರಡು ತಿಂಗಳಿಗೆ ತರೀಕೆರೆಗೆ ವಾಪಸ್. ವಯಸ್ಸಾದವರನ್ನು ಊರಿನಿಂದ ಕರೆತಂದ ನಮ್ಮಂಥವರ ಮನೆಗಳಲ್ಲಿ ಇದು ಹೊಸ ಕಥೆಯಲ್ಲ. ‘ಅಪ್ಪ ಅಮ್ಮನಿಗೆ ಸಿಟಿ ಒಗ್ಗಲಿಲ್ಲ’ ಎನ್ನುತ್ತೇವೆ. ಎಷ್ಟೋ ಸಲ ಒಗ್ಗದೆ ಹೋದದ್ದು ಮನೆಯ ಮುಂದಿನ ರಸ್ತೆ ಮಾತ್ರ.

ಲೆಕ್ಕ ಬದಲಾಗುವ ಸೂಚನೆ ಬಂದದ್ದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲಿ. ಸಾಗಿಸಬೇಕಾದದ್ದು ವಾಹನಗಳನ್ನಲ್ಲ, ಜನರನ್ನು ಎಂದು ಕೇಂದ್ರ ಸರ್ಕಾರವೇ ಬರೆದುಕೊಂಡಿತು. 2008ರ ಸುಮಾರಿಗೆ ಚೆನ್ನೈಯಲ್ಲಿ ಮತ್ತೆ ಸಮಗ್ರ ಸಂಚಾರ ಅಧ್ಯಯನ ನಡೆದಾಗ ಜನರ ಓಡಾಟದಲ್ಲಿ ಶೇ. 28ರಷ್ಟು ನಡಿಗೆಯಲ್ಲೇ ಆಗುತ್ತಿತ್ತು. ಸೈಕಲ್ ಮಾತ್ರ ಶೇ. 6ಕ್ಕೆ ಕುಸಿದಿತ್ತು. ಇಷ್ಟೆಲ್ಲ ಫ್ಲೈಓವರ್ ಆದ ಮೇಲೂ ನಡೆಯುವವರ ಪಾಲು ಕರಗಿರಲಿಲ್ಲ. ಕರಗಿದ್ದು ಅವರ ಜಾಗ.

2014ರ ಅಕ್ಟೋಬರ್‌ನಲ್ಲಿ ಚೆನ್ನೈ ಮಹಾನಗರ ಪಾಲಿಕೆ ಮೋಟಾರುರಹಿತ ಸಾರಿಗೆ ನೀತಿಯನ್ನು ಅಂಗೀಕರಿಸಿತು. ಇಂಥ ನೀತಿ ಒಪ್ಪಿಕೊಂಡ ದೇಶದ ಮೊದಲ ನಗರ ಇದು. ಐಟಿಡಿಪಿ ಎಂಬ ಸಂಸ್ಥೆ ಇದಕ್ಕೆ ತಾಂತ್ರಿಕ ನೆರವು ಕೊಟ್ಟಿತ್ತು. ಪಾಲಿಕೆಯ ಸಾರಿಗೆ ಬಜೆಟ್ಟಿನಲ್ಲಿ ಕನಿಷ್ಠ ಶೇ. 60 ನಡಿಗೆ ಮತ್ತು ಸೈಕಲ್ಲಿಗೆ. 2018ರ ಹೊತ್ತಿಗೆ ಶೇ. 80ರಷ್ಟು ಬೀದಿಗಳಲ್ಲಿ ಫುಟ್‌ಪಾತ್. ನಡಿಗೆ, ಸೈಕಲ್ಲಿನ ಪಾಲು ಶೇ. 40ಕ್ಕಿಂತ ಮೇಲೆ. ಪಾದಚಾರಿ, ಸೈಕಲ್ ಸವಾರರ ಸಾವು ಸೊನ್ನೆ. ಮೊದಲ ಬಾರಿಗೆ ಫುಟ್‌ಪಾತ್ ಎಂಬುದು ‘ಉಳಿದ ಜಾಗ’ ಆಗದೆ ಪಟ್ಟಿಯ ಮೊದಲ ಸಾಲಿಗೆ ಬಂತು.

ಎಗ್ಮೋರಿನ ಪೊಲೀಸ್ ಕಮಿಷನರ್ ಕಚೇರಿ ರಸ್ತೆ, ಬೆಸೆಂಟ್ ನಗರದ ಸೆಕೆಂಡ್ ಅವೆನ್ಯೂ ಮೊದಲಾದ ಕಡೆ ಕೆಲಸ ಕಣ್ಣಿಗೆ ಕಂಡಿತು. ವಾಹನದ ಜಾಗವನ್ನು ಶುರುವಿನಿಂದ ಕೊನೆಯವರೆಗೆ ಒಂದೇ ಅಗಲಕ್ಕೆ ತಂದರು, ಮಿಕ್ಕದ್ದನ್ನು ನಡೆಯುವವರಿಗೆ ಬಿಟ್ಟರು. ಒಂದು ಕಡೆ ಮೂರು ಲೇನ್, ಮುಂದೆ ಎರಡು, ಮತ್ತೆ ಮೂರು ಇದ್ದರೆ ಒಟ್ಟು ಸಾಗುವುದು ಎರಡು ಲೇನಿನಷ್ಟೇ. ಆದ್ದರಿಂದ ಹೆಚ್ಚುವರಿ ಜಾಗ ತೆಗೆದುಕೊಂಡರೂ ವಾಹನದವರಿಗೆ ನಷ್ಟವಿಲ್ಲ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಹೆಸರಿನಲ್ಲಿ ಮಾಡಿದ್ದೂ ಇದನ್ನೇ: ಮೊದಲು ನೆಲದಡಿಯ ಪೈಪು, ಕೇಬಲ್ಲಿಗೆ ಸರಿಯಾದ ಜಾಗ, ಆಮೇಲೆ ಅಗಲ ಫುಟ್‌ಪಾತ್, ಒಂದೇ ಅಗಲದ ಲೇನ್.

ನಿಜವಾದ ಪರೀಕ್ಷೆ ನಡೆದದ್ದು ಟಿ. ನಗರದಲ್ಲಿ. ಪಾನಗಲ್ ಪಾರ್ಕಿನಿಂದ ಪೂರ್ವಕ್ಕೆ ಹೋಗುವ ಸರ್ ತ್ಯಾಗರಾಯ ರಸ್ತೆಗೆ ಜನ ಕರೆಯುವುದು ಪಾಂಡಿ ಬಜಾರ್ ಎಂದು. ಪಾಂಡಿಚೇರಿಗೂ ಇದಕ್ಕೂ ಸಂಬಂಧವಿಲ್ಲ; ಜಸ್ಟಿಸ್ ಪಕ್ಷದ ಸೌಂದರಪಾಂಡಿಯನ್ ಅವರ ಹೆಸರಿನ ಅಂಗಡಿಬೀದಿ ಅದು. ಇಲ್ಲಿ ಪಾದಚಾರಿ ಪ್ಲಾಜಾ ಮಾಡುತ್ತೇವೆ ಎಂದಾಗ ವ್ಯಾಪಾರಿಗಳಲ್ಲಿ ಆತಂಕವಿತ್ತು: ಕಾರು ನಿಲ್ಲಿಸಲು ಜಾಗವಿಲ್ಲದಿದ್ದರೆ ಗಿರಾಕಿ ಬರುತ್ತಾರೆಯೇ? ಕೆಲವು ದಿನ ತಾತ್ಕಾಲಿಕವಾಗಿ ಬ್ಯಾರಿಕೇಡ್ ಹಾಕಿ ಪ್ರಯೋಗ ಮಾಡಿ ತೋರಿಸಿದರು. ಮಕ್ಕಳು ರಸ್ತೆಯ ಮಧ್ಯೆ ಆಡಿದರು. ಸ್ಮಾರ್ಟ್ ಸಿಟಿ ಯೋಜನೆಯಡಿ ಸುಮಾರು 40 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಿದ ಪ್ಲಾಜಾ 2019ರ ನವೆಂಬರ್‌ನಲ್ಲಿ ತೆರೆಯಿತು. ವಾಹನಗಳನ್ನು ಪೂರ್ತಿ ನಿಲ್ಲಿಸಿಲ್ಲ. ಆದರೆ ಎರಡೂ ಬದಿ ಬೆಂಚು, ಮರದ ನೆರಳು, ಇಬ್ಬರು ಮೂವರು ಜೊತೆಯಾಗಿ ಮಾತಾಡಿಕೊಂಡು ಹೋಗುವಷ್ಟು ಅಗಲ. ದೀಪಾವಳಿ ಹೊತ್ತಿಗೆ ಹೋಗಿ ನೋಡಿ, ಏನೂ ಕೊಳ್ಳದೆ ಸುಮ್ಮನೆ ಕೂತ ಕುಟುಂಬಗಳೇ ಎಷ್ಟೋ.

ಇದೇ ಬೀದಿಗೆ ಇನ್ನೊಂದು ಮುಖವಿದೆ. ದಶಕಗಳಿಂದ ಅಲ್ಲಿನ ಫುಟ್‌ಪಾತಿನಲ್ಲಿ ಬಳೆ, ಕ್ಲಿಪ್ಪು, ಬಟ್ಟೆ ಮಾರುತ್ತಿದ್ದವರನ್ನು 2013ರಲ್ಲೇ ಹತ್ತಿರದ ಬಹುಮಹಡಿ ಕಟ್ಟಡಕ್ಕೆ ಸಾಗಿಸಲಾಗಿತ್ತು. ಮಹಡಿ ಹತ್ತಿ ಬರುವ ಗಿರಾಕಿ ಕಮ್ಮಿ ಎಂಬುದು ಅವರ ದೂರು. ಮರುವರ್ಷವೇ, ಅಂದರೆ 2014ರಲ್ಲಿ, ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಿಸುವ ಕೇಂದ್ರ ಕಾಯ್ದೆ ಬಂತು; ಬೀದಿಯಲ್ಲಿ ಅವರಿಗೂ ಜಾಗ ಗುರುತಿಸಬೇಕು ಎಂದು ಅದು ಹೇಳುತ್ತದೆ. ನಡೆಯುವವರಿಗೆ ಅಡ್ಡಿ ಎಂದು ಅವರನ್ನು ತೆಗೆಯುವುದು ಸುಲಭ. ಫುಟ್‌ಪಾತಿನ ಟ್ರಾನ್ಸ್‌ಫಾರ್ಮರ್ ತೆಗೆಯುವುದು ಕಷ್ಟ, ಅದಕ್ಕೆ ಇನ್ನೊಂದು ಇಲಾಖೆಯ ಒಪ್ಪಿಗೆ ಬೇಕು. ಆದರೆ ರಾತ್ರಿ ಒಂಬತ್ತಕ್ಕೆ ಬಸ್ಸಿಳಿದು ಒಬ್ಬಳೇ ನಡೆಯುವ ಹುಡುಗಿಗೆ ಧೈರ್ಯ ಕೊಡುವುದು ಗ್ರಾನೈಟ್ ಹಾಸಲ್ಲ, ಇಡ್ಲಿ ಗಾಡಿಯ ದೀಪ. ಬೀದಿಯನ್ನು ಮತ್ತೆ ಬೀದಿ ಮಾಡುವ ನಕ್ಷೆಯಲ್ಲಿ ಈ ಗಾಡಿಗೂ ಒಂದು ಚೌಕ ಬರೆದಿರಬೇಕು.

2018 ಬಂತು, ಹೋಯಿತು. ಸಾವು ಸೊನ್ನೆಯಾಗಲಿಲ್ಲ. ಮಳೆನೀರಿನ ಚರಂಡಿಗೆಂದು, ಮೆಟ್ರೋದ ಎರಡನೇ ಹಂತಕ್ಕೆಂದು ಊರು ಅಗೆಯುತ್ತಲೇ ಇದೆ. ಪಾನಗಲ್ ಪಾರ್ಕಿನ ಅಡಿಯಲ್ಲೇ ಒಂದು ನಿಲ್ದಾಣ ಬರುತ್ತಿದೆ. 2023ರ ಮೇ ತಿಂಗಳಲ್ಲಿ ಮಾಂಬಲಂ ರೈಲು ನಿಲ್ದಾಣದಿಂದ ಟಿ. ನಗರ ಬಸ್ ನಿಲ್ದಾಣಕ್ಕೆ ಸುಮಾರು 570 ಮೀಟರ್ ಉದ್ದದ ಸ್ಕೈವಾಕ್ ತೆರೆಯಿತು. ರಂಗನಾಥನ್ ಸ್ಟ್ರೀಟಿನ ನೂಕುನುಗ್ಗಲಲ್ಲಿ ಸಿಕ್ಕಿದವರಿಗೆ ಅದು ಉಪಕಾರವೇ. ಆದರೆ ಕೆಳಗಿನ ನೆಲವನ್ನು ವಾಹನಕ್ಕೆ ಬಿಟ್ಟು ನಡೆಯುವವರನ್ನು ಮೇಲಕ್ಕೆ ಹತ್ತಿಸುವುದು ಹಳೆಯ ಲೆಕ್ಕದ್ದೇ ಮುಂದುವರಿಕೆ.

ಎಲ್ಲರಿಗಿಂತ ಹೆಚ್ಚು ಮರೆತುಹೋದವರು ಸೈಕಲ್ಲಿನವರು. ತಮಿಳುನಾಡು ಸರ್ಕಾರ 2001-02ರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿ, ಮುಂದೆ ಹನ್ನೊಂದನೇ ತರಗತಿಯ ಸರ್ಕಾರಿ, ಅನುದಾನಿತ ಶಾಲಾ ಮಕ್ಕಳಿಗೆಲ್ಲ ವಿಸ್ತರಿಸಿತು. ಕರ್ನಾಟಕ 2006-07ರಿಂದ ಎಂಟನೇ ತರಗತಿಯವರಿಗೆ ಕೊಟ್ಟಿತು. ಲಕ್ಷಾಂತರ ಸೈಕಲ್ ಹಂಚಿದ ಎರಡೂ ರಾಜ್ಯಗಳು ಆ ಮಕ್ಕಳು ತುಳಿದುಕೊಂಡು ಹೋಗುವ ದಾರಿಯನ್ನು ಕೊಡಲಿಲ್ಲ. ಮೈಸೂರು 2017ರ ಜೂನ್‌ನಲ್ಲಿ 450 ಸೈಕಲ್ಲುಗಳ ಟ್ರಿಣ್ ಟ್ರಿಣ್ ಶುರುಮಾಡಿದಾಗ ಆಸೆ ಹುಟ್ಟಿತ್ತು. ಅಲ್ಲಿಯೂ ಸೈಕಲ್ ಬಂದಷ್ಟು ಬೇಗ ಸೈಕಲ್ ಪಥ ಬರಲಿಲ್ಲ.

ನಮ್ಮ ಐಟಿ ಪಾರ್ಕುಗಳ ಗೇಟಿನಲ್ಲಿ ಬೆಳಿಗ್ಗೆ ಏಳಕ್ಕೆ ನಿಂತು ನೋಡಿದರೆ ಇಂದಿನ ಸೈಕಲ್ ಸವಾರರು ಯಾರೆಂದು ತಿಳಿಯುತ್ತದೆ: ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್‌ನವರು, ತೋಟದವರು. ಇವರಲ್ಲಿ ಬಹಳ ಜನ ನಮ್ಮಂತೆಯೇ ಬೇರೆ ಊರಿನಿಂದ ಬಂದವರು. ನಾವು ಮೊದಲ ವರ್ಷ ನಡೆದೆವು, ಆಮೇಲೆ ಬೈಕು, ಕಾರು ಕೊಂಡೆವು. ಅವರು ಹತ್ತನೇ ವರ್ಷವೂ ನಡೆಯುತ್ತಲೇ ಇದ್ದಾರೆ.

ನಿಮ್ಮ ಬಡಾವಣೆಯಲ್ಲಿ ಮುಂದಿನ ಸಲ ರಸ್ತೆ ಅಗಲೀಕರಣದ ಮಾತು ಬಂದಾಗ, ಸಭೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: ವಾಹನ ಎಣಿಸಿದಿರಿ ಸರಿ, ಈ ರಸ್ತೆಯಲ್ಲಿ ಗಂಟೆಗೆ ಎಷ್ಟು ಜನ ನಡೆಯುತ್ತಾರೆ, ಎಷ್ಟು ಜನ ಸೈಕಲ್ಲಿನಲ್ಲಿ ಹೋಗುತ್ತಾರೆ, ಎಲ್ಲೆಲ್ಲಿ ದಾಟುತ್ತಾರೆ ಎಂದು ಎಣಿಸಿದ್ದೀರಾ? ಎಣಿಸಿಲ್ಲವಾದರೆ ಒಂದು ಭಾನುವಾರ, ಒಂದು ಸೋಮವಾರ ನೀವೇ ನಾಲ್ಕು ಜನ ಕುರ್ಚಿ ಹಾಕಿಕೊಂಡು ಕೂತು ಎಣಿಸಿ, ಆ ಹಾಳೆಯನ್ನು ವಾರ್ಡ್ ಎಂಜಿನಿಯರ್ ಕೈಗೆ ಕೊಡಿ. ಹಾಳೆ ಕೈಗೆ ಬಂದ ಮೇಲೆ ಎಂಜಿನಿಯರೂ ಅದಕ್ಕೆ ಉತ್ತರ ಹೇಳಲೇಬೇಕು.